ನೂಲು ಬ್ಯಾಂಕ್ ಮೊದಲು ಬರಲಿ

ಮಾನ್ಯರೇ,

ಸಣ್ಣ ಉದ್ದಿಮೆಗಳ ಕ್ಲಸ್ಟರ್ (ಒಂದೇ ಕಸುಬಿನವರ ಸಮೂಹ) ಎಂದರೆ ಕಟ್ಟಡ ಮತ್ತು ಯಂತ್ರ ಎಂದಷ್ಟೇ ಭಾವಿಸಿದರೆ ಇಳಕಲ್ ನೇಕಾರರ ಬಡತನ ನೀಗದು. ಒಡಲಿನ ಹಾಸನ್ನೂ (ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳನ್ನೂ) ಸೆರಗಿನ ರೇಷ್ಮೆ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದು ಇಳಕಲ್ ಸೀರೆಯ ಹೆಗ್ಗಳಿಕೆ. ಅದಕ್ಕೆ ಮನೆಮಂದಿಯೆಲ್ಲ ದುಡಿಯಬೇಕು. ಹೆಣ್ಣುಮಕ್ಕಳು ಕಂಡಿಕೆ (ಲಾಳಿಯೊಳಗಿನ ನೂಲಿನ ಸುರುಳಿ) ಸುತ್ತದಿದ್ದರೆ ಮಗ್ಗವೇ ನಿಲ್ಲುತ್ತದೆ. ಆದರೂ ಹೆಚ್ಚಿನ ಮನೆಗಳಲ್ಲಿ ಅವರ ದುಡಿಮೆಗೆ ಪ್ರತ್ಯೇಕ ಕೂಲಿ ಇಲ್ಲ. ನೂಲು ಕೊಡುವವರೂ ಸೀರೆ ಒಯ್ಯುವವರೂ ಒಬ್ಬರೇ ಸಾಹುಕಾರರಾದಾಗ ನೇಕಾರರ ಕೈಗೆ ಬರುವುದು ಮಜೂರಿ ಮಾತ್ರ. ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯಿಂದ ಸೀರೆಗೆ ಹೆಸರು ಬಂದಿದೆ, ನೇಯ್ದವರ ಕೂಲಿ ಅದಕ್ಕೆ ತಕ್ಕಂತೆ ಏರಿಲ್ಲವೆಂಬುದು ನೋವಿನ ಸಂಗತಿ.

ಸಗಟು ದರದಲ್ಲಿ ನೂಲು ಕೊಳ್ಳುವುದು, ಬಣ್ಣ ಹಾಕಿಸುವುದು ಒಂಟಿ ಮಗ್ಗದವರಿಗೆ ಆಗದ ಮಾತು. ನೂರು ಮಗ್ಗದವರು ಕೂಡಿದರೆ ಆಗುತ್ತದೆ. 2005ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸ್ಫೂರ್ತಿ’ ಯೋಜನೆಯ ಆಶಯವೂ ಕುಶಲಕರ್ಮಿಗಳನ್ನು ಹೀಗೆ ಒಗ್ಗೂಡಿಸುವುದೇ ಆಗಿದೆ.

ಆದ್ದರಿಂದ ಕೈಮಗ್ಗ ಮತ್ತು ಜವಳಿ ಇಲಾಖೆಯು ಮೊದಲು ಸಗಟಾಗಿ ನೂಲು ಕೊಂಡು ನೇಕಾರರಿಗೆ ಒದಗಿಸುವ ನೂಲು ಬ್ಯಾಂಕ್ ಹಾಗೂ ಸಾಮೂಹಿಕ ಬಣ್ಣದ ಘಟಕ ತೆರೆದು, ಅವುಗಳ ಆಡಳಿತವನ್ನು ನೇಕಾರರ ಸಂಘಕ್ಕೇ ವಹಿಸಲಿ. ಕಂಡಿಕೆ ಸುತ್ತುವ ಮಹಿಳೆಯರಿಗೂ ಸಂಘದಲ್ಲಿ ಸದಸ್ಯತ್ವ, ಮತದಾನದ ಹಕ್ಕು ಸಿಗಬೇಕು.

– ಓರ್ವ ಓದುಗ, ಬಾಗಲಕೋಟೆ