ನಮ್ಮ ಕಿವಿಗೆ ತಕ್ಕ ಪಟ್ಟಿ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಇಂಗ್ಲಿಷಿನ ‘ಹೋಮೋಫೋನ್’ ಪದಗಳ ಪಟ್ಟಿ ಬಂದಿತ್ತು. ಕೇಳುವಾಗ ಒಂದೇ, ಬರೆಯುವಾಗ ಬೇರೆ ಬೇರೆ, ಅಂಥ ಪದಗಳು. ಪಟ್ಟಿ ಕೊಟ್ಟಿದ್ದು ಒಳ್ಳೆಯದೇ. ಆದರೆ ಅದನ್ನು ಮಾಡಿದ್ದು ನಮ್ಮ ಮಕ್ಕಳಿಗಲ್ಲ, ಲಂಡನ್ನಿನ ಮಕ್ಕಳಿಗೆ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಅದರಲ್ಲಿ ಸಾಸ್ ಮತ್ತು ಸೋರ್ಸ್ ಒಂದು ಜೋಡಿ. ಹಿಡಿದರು ಅನ್ನುವ ಕಾಟ್ ಮತ್ತು ಕೋರ್ಟ್ ಇನ್ನೊಂದು. ಫಾದರ್, ಇನ್ನೂ ದೂರ ಅನ್ನುವ ಫಾರ್ದರ್ ಮತ್ತೊಂದು. ಲಂಡನ್ ಕಡೆಯವರು ಇಂಥ ಕಡೆ ‘ರ’ಕಾರ ನುಂಗಿಬಿಡುತ್ತಾರೆ. ಹಾಗಾಗಿ ಅವರಿಗೆ ಎರಡೂ ಒಂದೇ ಥರ ಕೇಳುತ್ತದೆ. ನಾವು ‘ರ’ಕಾರವನ್ನು ನುಂಗುವ ಜನವೇ ಅಲ್ಲ, ಗಟ್ಟಿಯಾಗಿ ಉರುಳಿಸಿ ಹೇಳುತ್ತೇವೆ. ನಮ್ಮ ಯಾವ ಮಗುವೂ ಟೊಮೆಟೊ ಸಾಸನ್ನು ಟೊಮೆಟೊ ಸೋರ್ಸ್ ಅಂತ ಬರೆದಿದ್ದನ್ನು ನಾನು ನೋಡಿಲ್ಲ. ಇಲ್ಲದ ಕಾಯಿಲೆಗೆ ಔಷಧಿ ಯಾಕೆ?

ನನ್ನದು ಅರಸೀಕೆರೆಯಲ್ಲಿ ತಾಲ್ಲೂಕು ಕಚೇರಿ ಎದುರು ಪುಟ್ಟ ಟೈಪಿಂಗ್ ಅಂಗಡಿ. ಒಂದು ಜೆರಾಕ್ಸ್ ಮಿಷನ್ನು, ಎರಡು ಕಂಪ್ಯೂಟರು. ಕನ್ನಡದ ಅರ್ಜಿ ಬಂದರೆ ‘ನುಡಿ’ ಸಾಫ್ಟ್‌ವೇರಿನಲ್ಲಿ ಹೊಡೆಯುತ್ತೇನೆ. ಬ್ಯಾಂಕು, ಕಾಲೇಜು, ಕಂಪನಿಯ ಕಾಗದ ಇಂಗ್ಲಿಷಿನಲ್ಲಿ ಬರುತ್ತದೆ. ಜನ ಮನೆಯಲ್ಲೇ ಬರೆದುಕೊಂಡು ಬಂದ ಚೀಟಿ ಕೊಡುತ್ತಾರೆ. ಅದನ್ನು ಓದುವುದೇ ನನ್ನ ಕಸುಬು. ಹಾಗಾಗಿ ಎಲ್ಲಿ ಎಡವುತ್ತಾರೆ ಅನ್ನುವುದು ಸ್ವಲ್ಪ ಗೊತ್ತು.

ಬ್ಯಾಂಕಿನಿಂದ ಶುರು ಮಾಡೋಣ. ಸಾಲ ತೀರಿದ ಮೇಲೆ ನೋ ಡ್ಯೂ ಸರ್ಟಿಫಿಕೇಟ್ ಕೇಳುತ್ತಾರಲ್ಲ, ಅಲ್ಲಿ ಡ್ಯೂ ಅಂದರೆ ಬಾಕಿ. ಕೊನೆಗೆ ಯು, ಇ ಬರಬೇಕು. ಇ, ಡಬ್ಲ್ಯೂ ಹಾಕಿದರೆ ಅದು ಇಬ್ಬನಿ. ಇಬ್ಬನಿ ಇಲ್ಲ ಅಂತ ಸರ್ಟಿಫಿಕೇಟ್ ಕೊಡಿ ಅಂತ ಮ್ಯಾನೇಜರಿಗೆ ಬರೆದಂತಾಯಿತು. ಎಫ್.ಡಿ. ಮೇಲೆ ಸಾಲ ತೆಗೆದಾಗ ಬ್ಯಾಂಕು ಹಾಕುವ ಹಿಡಿತಕ್ಕೆ ಲೀನ್ ಅನ್ನುತ್ತಾರೆ. ಎಲ್-ಐ-ಇ-ಎನ್. ಜನ ಎಲ್-ಇ-ಎ-ಎನ್ ಬರೆಯುತ್ತಾರೆ. ಅದು ಬಡಕಲು ಅಥವಾ ಒರಗು. ಬಡ್ಡಿ ಮನ್ನಾ ಮಾಡಿ ಅನ್ನುವಾಗ ವೇವ್ ನಡುವೆ ‘ಐ’ ಇರಬೇಕು. ಇಲ್ಲದಿದ್ದರೆ ಬಡ್ಡಿಗೆ ಕೈ ಬೀಸಿ ಅಂತಾಗುತ್ತದೆ. ಅಸಲು ಅನ್ನುವುದಕ್ಕೆ ಪ್ರಿನ್ಸಿಪಲ್, ಕೊನೆಯಲ್ಲಿ ಪಿ-ಎ-ಎಲ್. ಕಾಲೇಜಿನ ಪ್ರಿನ್ಸಿಪಾಲರೂ ಅದೇ. ಪಿ-ಎಲ್-ಇ ಬಂದರೆ ತತ್ವ, ಸಿದ್ಧಾಂತ. ರಜೆ ಅರ್ಜಿಯಲ್ಲಿ ‘ಗೆ, ಸಿದ್ಧಾಂತ, ಸರ್ಕಾರಿ ಕಾಲೇಜು’ ಅಂತ ಬರೆದವರು ನೂರಾರು ಜನ. ಪಾಪ, ಯಾವ ಪ್ರಿನ್ಸಿಪಾಲರೂ ಅದಕ್ಕೆ ರಜೆ ನಿಲ್ಲಿಸಿಲ್ಲ ಬಿಡಿ.

ವಾರಸುದಾರರ ಕಾಗದಗಳದ್ದು ಬೇರೆಯೇ ಕಥೆ. ಇಂಗ್ಲಿಷಿನಲ್ಲಿ ವಾರಸುದಾರನಿಗೆ ಇರುವ ಎಚ್-ಇ-ಐ-ಆರ್ ಪದದಲ್ಲಿ ಮೊದಲ ಎಚ್ ಸುಮ್ಮನೆ ಕೂತಿರುತ್ತದೆ, ಉಚ್ಚಾರ ‘ಏರ್’. ಅವರ್, ಆನೆಸ್ಟ್, ಆನರ್ ಇದ್ದ ಹಾಗೆ. ಇಂಗ್ಲೆಂಡಿನವನಿಗೆ ಅದು ಗಾಳಿ ಅನ್ನುವ ಏರ್ ಜೊತೆ ಬೆರೆಯುತ್ತದೆ. ನಮ್ಮಲ್ಲಿ ಜಾಸ್ತಿ ಜನ ಎಚ್ ನೋಡಿ ‘ಹೇರ್’ ಅನ್ನುತ್ತಾರೆ. ಹಾಗಾಗಿ ನಮಗೆ ಅದು ಕೂದಲಿನ ಜೊತೆ ಬೆರೆಯುತ್ತದೆ. ಲೀಗಲ್ ಕೂದಲು ಸರ್ಟಿಫಿಕೇಟ್ ಕೇಳಿಕೊಂಡು ಬಂದ ಚೀಟಿಗಳನ್ನು ನಾನು ಎತ್ತಿಟ್ಟಿದ್ದರೆ ಒಂದು ಫೈಲೇ ಆಗುತ್ತಿತ್ತು.

ನಾನು ಹೇಳಲು ಹೊರಟಿದ್ದು ಇದನ್ನೇ. ಅವರ ಪಟ್ಟಿ ಅವರ ಕಿವಿಗೆ. ನಮ್ಮ ಕಿವಿಯನ್ನು ತಿದ್ದಿದ್ದು ಕನ್ನಡ. ಇಂಗ್ಲಿಷಿನವರಿಗೆ ಬೇರೆ ಬೇರೆ ಕೇಳುವ ಎಷ್ಟೋ ಪದ ನಮಗೆ ಒಂದೇ.

ನೋಡಿ, ಅವರಿಗೆ ವಿ ಮತ್ತು ಡಬ್ಲ್ಯೂ ಎರಡು ಬೇರೆ ಸದ್ದು. ಒಂದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಇನ್ನೊಂದಕ್ಕೆ ತುಟಿ ದುಂಡಗಾಗಬೇಕು. ನಮ್ಮ ಹತ್ತಿರ ಇರುವುದು ಒಂದೇ ‘ವ’. ಆದ್ದರಿಂದ ಒದ್ದೆ ಅನ್ನುವ ವೆಟ್, ದನದ ಡಾಕ್ಟರ್ ಅನ್ನುವ ವೆಟ್ ಎರಡೂ ನಮಗೆ ಒಂದೇ. ಪಶ್ಚಿಮವೂ ಬನಿಯನ್ನೂ ವೆಸ್ಟೇ. ಹೆದ್ದಾರಿ ಬದಿಯ ಒಂದು ಬಾರಿನ ಬೋರ್ಡಿನಲ್ಲಿ ವೈನ್ಸ್ ಅನ್ನುವುದನ್ನು ‘ವಿ’ಯಿಂದ ಬರೆದಿದ್ದಾರೆ. ವಿ ಹಾಕಿದರೆ ದ್ರಾಕ್ಷಿ ಬಳ್ಳಿ. ಕುಡಿಯಲು ಬರುವವರು ಅಷ್ಟೆಲ್ಲ ಓದುವುದಿಲ್ಲ, ನಿಜ. ಆದರೆ ಇಂಟರ್‌ವ್ಯೂಗೆ ಹೋಗುವ ಹುಡುಗ ಅರ್ಜಿಯಲ್ಲಿ ವೆರಿ ಅನ್ನುವುದನ್ನು ಡಬ್ಲ್ಯೂನಿಂದ ಬರೆದರೆ ಓದುವವರ ಕಣ್ಣು ಅಲ್ಲೇ ನಿಲ್ಲುತ್ತದೆ.

ಎರಡನೆಯದು ಜ಼ಡ್ ಸದ್ದು. ಕನ್ನಡದಲ್ಲಿ ಅದು ಹುಟ್ಟಿನಿಂದ ಇಲ್ಲ. ಜ ಕೆಳಗೆ ಎರಡು ಚುಕ್ಕೆ ಇಟ್ಟು ಬರೆಯುವ ಪದ್ಧತಿ ಉಂಟು, ಬಳಸುವವರು ಕಡಿಮೆ. ನಾವು ಅದನ್ನು ‘ಜ’ ಮಾಡುತ್ತೇವೆ, ಇಲ್ಲವೇ ‘ಸ’. ಬಹುಮಾನವೂ ಪ್ರೈಸ್, ಬೆಲೆಯೂ ಪ್ರೈಸ್. ಆಟೋಟದ ಸರ್ಟಿಫಿಕೇಟ್ ಮಾದರಿ ಹಿಡಿದುಕೊಂಡು ಬರುವವರಲ್ಲಿ ‘ಮೊದಲ ಬೆಲೆ’ ಅಂತ ಬರೆದುಕೊಂಡು ಬರುವವರು ಇದ್ದೇ ಇರುತ್ತಾರೆ. ಹಳೇ ತಲೆಯವರು ‘ಪ್ರೈಜು’ ಅನ್ನುತ್ತಾರೆ ನೋಡಿ, ಅವರಿಗೆ ಈ ತೊಂದರೆ ಇಲ್ಲ! ಸಲಹೆ ಅನ್ನುವ ಅಡ್ವೈಸಿಗೆ ಸಿ, ಸಲಹೆ ಕೊಡು ಅನ್ನುವುದಕ್ಕೆ ಎಸ್. ಇಂಗ್ಲಿಷಿನವನು ಎರಡನ್ನೂ ಬೇರೆ ಬೇರೆ ಹೇಳುತ್ತಾನೆ. ನಮಗೆ ಬೇರೆ ಕೇಳುವುದಿಲ್ಲ. ಕಳೆದುಕೊಳ್ಳುವ ಲೂಸಿಗೆ ಒಂದು ‘ಓ’, ಸಡಿಲ ಆಗಿರುವ ಲೂಸಿಗೆ ಎರಡು. ಎ.ಟಿ.ಎಂ. ಕಾರ್ಡ್ ಕಳೆದುಹೋಗಿದೆ ಅಂತ ಬರೆಯಬೇಕಾದವರು ನನ್ನ ಕಾರ್ಡು ಸಡಿಲ ಆಗಿದೆ ಅಂತ ಬರೆದಿರುತ್ತಾರೆ. ಲೂಸು ಅಂದರೆ ನಮ್ಮೂರಲ್ಲಿ ಇನ್ನೊಂದು ಅರ್ಥವೂ ಇದೆ, ಅದು ಬೇಡ.

ಇನ್ನು ಅವರಿಗೂ ನಮಗೂ ಒಂದೇ ಥರ ಕೇಳುವ ಪದಗಳು. ನಮ್ಮ ದಿನದ ಬದುಕಿನಲ್ಲಿ ಬರುವಂಥವು ಆ ಪಟ್ಟಿಯಲ್ಲಿ ಇರಲೇ ಇಲ್ಲ. ಸೈಟು ಇಲ್ಲದೆ ಕರ್ನಾಟಕದಲ್ಲಿ ಮಾತುಂಟೇ? ಎಸ್-ಐ-ಟಿ-ಇ ಅಂದರೆ ನಿವೇಶನ, ಎಸ್-ಐ-ಜಿ-ಎಚ್-ಟಿ ಅಂದರೆ ದೃಷ್ಟಿ. ಅದರ ಜೊತೆ ಸೇಲ್. ಮಾರಾಟಕ್ಕೆ ‘ಎಲ್ಇ’ ಕೊನೆ, ದೋಣಿಯ ಹಾಯಿಗೆ ‘ಐಎಲ್’ ಕೊನೆ. ಗ್ಯಾರೇಜಿನ ಬೋರ್ಡಿನಲ್ಲಿ ಬ್ರೇಕ್. ಗಾಡಿ ನಿಲ್ಲಿಸುವುದು ಬಿ-ಆರ್-ಎ-ಕೆ-ಇ, ಮುರಿಯುವುದು ಬಿ-ಆರ್-ಇ-ಎ-ಕೆ. ‘ಇಲ್ಲಿ ಕ್ಲಚ್ ಮತ್ತು ಮುರಿಯುವ ಕೆಲಸ ಮಾಡಲಾಗುವುದು’ ಅಂತ ಓದಿಕೊಂಡರೆ ಗಾಡಿ ಬಿಡಲು ಧೈರ್ಯ ಬರುತ್ತದಾ? ದರ್ಜಿಯ ಬಿಲ್ಲಿನಲ್ಲಿ ಸೊಂಟದ ಅಳತೆಗೆ ವೇಸ್ಟ್, ನಡುವೆ ‘ಐ’ ಇರಬೇಕು. ‘ಐ’ ಬಿಟ್ಟು ಕೊನೆಗೆ ‘ಇ’ ಹಾಕಿದರೆ ಕಸ. ಚುನಾವಣೆಯಲ್ಲಿ ಕ್ಯಾನ್ವಾಸ್ ಮಾಡುವುದಕ್ಕೆ ಕೊನೆಗೆ ಎರಡು ಎಸ್, ಬೂಟಿನ ಬಟ್ಟೆಗೆ ಒಂದೇ. ನಗರಸಭೆ ಸದಸ್ಯರು ಕೌನ್ಸಿಲರ್, ನಡುವೆ ಸಿ. ಸಮಾಧಾನ ಹೇಳಿ ದಾರಿ ತೋರಿಸುವ ಕೌನ್ಸಿಲರಿಗೆ ನಡುವೆ ಎಸ್. ರೋಲ್ ನಂಬರಿನ ರೋಲ್ ಅಂದರೆ ಹೆಸರುಗಳ ಪಟ್ಟಿ, ಎರಡು ಎಲ್. ಒಂದು ಎಲ್ ಹಾಕಿ ‘ಇ’ ಸೇರಿಸಿದರೆ ನಾಟಕದ ಪಾತ್ರ.

ಸ್ಟೇಷನರಿ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ನನ್ನ ಅಂಗಡಿ ಬೋರ್ಡಿನಲ್ಲೂ ಅದು ಇದೆ. ಪೆನ್ನು, ಕಾಗದಕ್ಕೆ ‘ಇ’. ಎನ್ವಲಪ್ ಶುರುವಾಗುವುದೂ ‘ಇ’ಯಿಂದಲೇ, ಹಾಗೆ ನೆನಪಿಟ್ಟುಕೊಳ್ಳಿ. ನಿಂತಲ್ಲೇ ನಿಂತಿರುವುದಕ್ಕೆ ‘ಎ’. ಆದರೆ ಎರಡರ ಬೇರೂ ಒಂದೇ. ಹಿಂದೆ ಯುರೋಪಿನಲ್ಲಿ ವ್ಯಾಪಾರಿಗಳಲ್ಲಿ ಜಾಸ್ತಿ ಜನ ಊರೂರು ತಿರುಗಿ ಮಾರುತ್ತಿದ್ದರು. ಒಂದೇ ಕಡೆ ಅಂಗಡಿ ಇಟ್ಟು ಪುಸ್ತಕ ಮಾರುವವನಿಗೆ ನಿಂತ ವ್ಯಾಪಾರಿ ಅನ್ನುವ ಅರ್ಥದಲ್ಲಿ ಸ್ಟೇಷನರ್ ಅಂತ ಹೆಸರಾಯಿತು. ಲಂಡನ್ನಿನ ಸ್ಟೇಷನರ್ಸ್ ಕಂಪನಿಗೆ 1557ರಲ್ಲೇ ರಾಜಮನ್ನಣೆ ಸಿಕ್ಕಿತ್ತು. ಸ್ಪೆಲ್ಲಿಂಗ್ ಬೇರೆಯಾಗಿ ಗಟ್ಟಿಯಾಗಿದ್ದು ಆಮೇಲೆ. ಹಾಗಾಗಿ ‘ಎ’ ಹಾಕಿದ ಬೋರ್ಡ್ ನೋಡಿದರೆ ನನಗೆ ಅಂಥ ಸಿಟ್ಟೇನೂ ಬರುವುದಿಲ್ಲ. ಅಂಗಡಿ ನಿಂತೇ ಇದೆಯಲ್ಲ.

ಮಕ್ಕಳನ್ನು ಬೈಯುವವರಿಗೂ ಒಂದು ಮಾತು. ತಪ್ಪು ಮಗುವಿನದ್ದಲ್ಲ. ನಾವು ಚಿಕ್ಕಂದಿನಲ್ಲಿ ಹೇಳಿದಂತೆ ಬರೆಯಲು, ಬರೆದಂತೆ ಓದಲು ಕಲಿತವರು. ಕನ್ನಡದಲ್ಲಿ ಕಿವಿಯನ್ನು ನಂಬಿದರೆ ಬಹುಪಾಲು ಸರಿಯೇ ಬರುತ್ತದೆ. ಶ, ಷ ಬಂದಾಗ ಮಾತ್ರ ಕೈ ತಡವರಿಸುತ್ತದೆ. ಇಂಗ್ಲಿಷ್ ಹಾಗಲ್ಲ. ಇಂಗ್ಲೆಂಡಿನ ಮುದ್ರಕ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚಿನ ಮನೆ ಹಾಕಿದ. ಆಮೇಲೆ ಸ್ಪೆಲ್ಲಿಂಗ್ ನಿಧಾನವಾಗಿ ಒಂದು ಕಡೆ ನಿಂತಿತು. ಮಾತು ನಿಲ್ಲಲಿಲ್ಲ. ಆಗ ನಾಟ್ ಅನ್ನುವ ಗಂಟಿಗೂ ನೈಟ್ ಅನ್ನುವ ಯೋಧನಿಗೂ ಮುಂದಿನ ‘ಕೆ’ಯನ್ನು ಬಾಯಿ ಬಿಟ್ಟೇ ಹೇಳುತ್ತಿದ್ದರು. ಭೇಟಿಯ ಮೀಟ್, ಮಾಂಸದ ಮೀಟ್ ಬೇರೆ ಬೇರೆ ಸ್ವರದಲ್ಲಿದ್ದವು. ಸದ್ದು ಹೋಯಿತು, ಅಕ್ಷರ ಉಳಿಯಿತು. ಅದನ್ನು ಕಣ್ಣಿನಿಂದಲೇ ಕಲಿಯಬೇಕು, ಬೇರೆ ದಾರಿ ಇಲ್ಲ.

ಕಂಪ್ಯೂಟರ್ ತಿದ್ದುತ್ತದಲ್ಲ ಅನ್ನುವವರಿದ್ದಾರೆ. ಪದ ನಿಘಂಟಿನಲ್ಲಿ ಇಲ್ಲದಿದ್ದರೆ ಮಾತ್ರ ಕೆಂಪು ಗೆರೆ ಬರುತ್ತದೆ. ಇಬ್ಬನಿ ನಿಘಂಟಿನಲ್ಲಿದೆ, ಕೂದಲೂ ಇದೆ. ಈಗ ಅರ್ಥ ನೋಡಿ ನೀಲಿ ಗೆರೆ ಹಾಕುವ ಸಾಫ್ಟ್‌ವೇರ್‌ಗಳೂ ಬಂದಿವೆ. ಕೆಲವು ಸಲ ಹಿಡಿಯುತ್ತವೆ, ಕೆಲವು ಸಲ ಬಿಡುತ್ತವೆ. ಮೊಬೈಲಿನಲ್ಲಿ ಮೈಕ್ ಒತ್ತಿ ಮಾತಾಡಿ ಬರೆಸುವುದು ಶುರುವಾದ ಮೇಲಂತೂ ಇಂಥ ಚೀಟಿಗಳು ಜಾಸ್ತಿಯೇ ಆಗಿವೆ. ಪೇಷೆಂಟ್ಸ್ ಅಂದರೆ ರೋಗಿಗಳೋ ತಾಳ್ಮೆಯೋ ಅಂತ ಫೋನಿಗೆ ಹೇಗೆ ಗೊತ್ತಾಗಬೇಕು? ಅದೂ ನಮ್ಮ ಉಚ್ಚಾರದಲ್ಲಿ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಪರೀಕ್ಷೆ ಮುಗಿದು ಮಕ್ಕಳು ಕಾಲೇಜು, ಹಾಸ್ಟೆಲ್, ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕುವ ದಿನಗಳಲ್ಲಿ ವಿದ್ಯಾರ್ಥಿ ಪುಟದಲ್ಲಿ ಕನ್ನಡಿಗರದ್ದೇ ಒಂದು ಪಟ್ಟಿ ಹಾಕಿ. ವಿ ಮತ್ತು ಡಬ್ಲ್ಯೂ ಜೋಡಿಗಳು ಒಂದು ಕಡೆ, ಜ಼ಡ್ ಜೋಡಿಗಳು ಒಂದು ಕಡೆ, ಬ್ಯಾಂಕು ಕಚೇರಿಯವು ಒಂದು ಕಡೆ. ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ ಕೊಡಿ, ಇಂಗ್ಲಿಷ್ ಅಕ್ಷರವನ್ನು ದೊಡ್ಡದಾಗಿ ಅಚ್ಚು ಹಾಕಿ. ನನ್ನ ಹತ್ತಿರ ಇರುವ ಜೋಡಿಗಳನ್ನು ಟೈಪ್ ಮಾಡಿಯೇ ಕಳಿಸುತ್ತೇನೆ. ಕೋರ್ಟಿನ ಕಡೆಯ ಪದಗಳನ್ನು ಪಕ್ಕದ ನೋಟರಿ ಕಚೇರಿಯ ಗುಮಾಸ್ತರು ಕೊಡುತ್ತಾರಂತೆ. ಕೇಳಿದ್ದೇನೆ, ಒಪ್ಪಿದ್ದಾರೆ.

ಇತಿ,
ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿಯವಳು,
ಅರಸೀಕೆರೆ