‘ಅಷ್ಟೇ ಅಲ್ವಾ ಮಾವ?’ ಅಂದೆಯಲ್ಲ, ಅದಕ್ಕೆ

ಬಸವನಗುಡಿ, ಬೆಂಗಳೂರು

ಚಿ. ಸಿಂಧುಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ಕರಾವಳಿಯ ತೈಲ ರಿಫೈನರಿಯಲ್ಲಿ ಕೆಲಸ ಸಿಕ್ಕಿತು ಅಂತ ನೀನು ಫೋನ್ ಮಾಡಿದ ದಿನ ನಿನ್ನ ಅತ್ತೆ ಕೂಡಲೇ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಆದರೆ ಮಾತಿನ ನಡುವೆ ನೀನು ಹೇಳಿದ್ದೊಂದು ನನ್ನ ಮನಸ್ಸಿನಲ್ಲೇ ಉಳಿದುಬಿಟ್ಟಿದೆ. “ಕಚ್ಚಾ ತೈಲ ಕಾಯಿಸೋದು, ಬೇರೆ ಬೇರೆ ಮಾಡೋದು, ಅಷ್ಟೇ ಅಲ್ವಾ ಮಾವ?” ಅಂದೆ. ಆ ‘ಅಷ್ಟೇ’ಯನ್ನು ಮಂಗಳೂರಿನ ಬಸ್ಸು ಹತ್ತುವ ಮೊದಲು ನೀನು ಇಲ್ಲೇ ಬಿಟ್ಟು ಹೋಗಬೇಕು.

ಮೊದಲ ಹಂತ ನೀನು ಹೇಳಿದ ಹಾಗೇ ಇದೆ. ತೈಲದಲ್ಲಿರುವ ಉಪ್ಪು ತೊಳೆದು, ಫರ್ನೇಸಿನಲ್ಲಿ ಸುಮಾರು 350 ಡಿಗ್ರಿಗೆ ಕಾಯಿಸಿ ಗೋಪುರದಂಥ ಕಾಲಮ್ಮಿಗೆ ಬಿಡುತ್ತಾರೆ. ಹಗುರವಾದದ್ದು ಮೇಲೆ, ಸೀಮೆಎಣ್ಣೆ, ಡೀಸೆಲ್ ನಡುವೆ, ಭಾರದ್ದು ತಳಕ್ಕೆ. ಇನ್ನೂ ಹೆಚ್ಚು ಕಾಯಿಸಿದರೆ ಅಣುಗಳು ಸಿಕ್ಕಸಿಕ್ಕಲ್ಲಿ ಮುರಿದು ಫರ್ನೇಸಿನ ಕೊಳವೆಯೊಳಗೇ ಇದ್ದಿಲು ಕಟ್ಟುತ್ತದೆ. ಅದಕ್ಕೇ ತಳದ ಮಾಲನ್ನು ಒತ್ತಡ ತಗ್ಗಿಸಿದ ಇನ್ನೊಂದು ಕಾಲಮ್ಮಿಗೆ ಕಳಿಸಿ ಅಲ್ಲಿ ಕಡಿಮೆ ಶಾಖದಲ್ಲೇ ಕುದಿಸುತ್ತಾರೆ. ಅದರ ಅಡಿಯಲ್ಲಿ ಉಳಿಯುವುದೇ ಡಾಂಬರು. ನಿನ್ನೆ ನಮ್ಮ ಮನೆ ಮುಂದೆ ರಸ್ತೆಗೆ ಅದನ್ನೇ ಹಾಕುತ್ತಿದ್ದರು. ಗೇಟಿನ ಹತ್ತಿರ ನಿಂತು ಆ ಬಿಸಿ ಹೊಗೆಯ ವಾಸನೆಗೆ ರಿಫೈನರಿಯಲ್ಲಿ ನಾನು ಮಾಡಿದ 31 ವರ್ಷಗಳ ಶಿಫ್ಟು ನೆನಪಾಯಿತು.

ಬರೀ ಬೇರ್ಪಡಿಸಿದರೆ ಜನಕ್ಕೆ ಬೇಕಾದಷ್ಟು ಪೆಟ್ರೋಲ್ ಹುಟ್ಟುವುದಿಲ್ಲ ಮಗಳೇ. ಭಾರದ ಅಣುಗಳನ್ನು ಮುರಿಯಬೇಕು. ಹಾಗೆ ಮುರಿಯುವ ಘಟಕವಾದ ಕ್ಯಾಟ್ ಕ್ರ್ಯಾಕರ್ ಹತ್ತಿರ ಒಂದು ವಾರವಾದರೂ ನಿಲ್ಲು, ಕೇಳಿಕೊಂಡಾದರೂ ಸರಿ. ಅಲ್ಲಿನ ಕ್ಯಾಟಲಿಸ್ಟ್, ಅಂದರೆ ಕ್ರಿಯೆಗೆ ವೇಗ ಕೊಡುವ ವಸ್ತು, ಜಿಯೊಲೈಟ್ ಎಂಬ ಸೂಕ್ಷ್ಮ ರಂಧ್ರಗಳ ಖನಿಜ ಸೇರಿದ ನುಣುಪು ಪುಡಿ. ಮುಷ್ಟಿಯಲ್ಲಿ ಹಿಡಿದರೆ ಬೆರಳ ಸಂದಿಯಲ್ಲೇ ಸೋರಿಹೋಗುತ್ತದೆ. ಕೆಳಗಿನಿಂದ ಗಾಳಿ ಊದಿದರೆ ನೀರಿನ ಹಾಗೆ ಹರಿಯುತ್ತದೆ. 500 ಡಿಗ್ರಿಗೂ ಮೇಲೆ ಎಣ್ಣೆಯ ಆವಿ ಅದಕ್ಕೆ ತಾಗಿ, ಎರಡು ಮೂರು ಸೆಕೆಂಡಿನಲ್ಲಿ ಉದ್ದ ಸರಪಳಿ ತುಂಡಾಗುತ್ತದೆ. ಅಷ್ಟರಲ್ಲಿ ಪುಡಿಯ ಮೇಲೆ ಕೋಕ್ ಎಂಬ ಇದ್ದಿಲಿನಂಥ ಪದರ ಕಟ್ಟಿ ಅದು ಕಪ್ಪಾಗಿ ನಿಷ್ಪ್ರಯೋಜಕವಾಗುತ್ತದೆ. ಅದನ್ನು ಪಕ್ಕದ ಪಾತ್ರೆಗೆ ಕಳಿಸಿ ಸುಮಾರು 700 ಡಿಗ್ರಿಯಲ್ಲಿ ಕೋಕ್ ಸುಡುತ್ತಾರೆ. ಪುಡಿ ಶುದ್ಧವಾಗಿ, ಕೆಂಪಗೆ ಕಾದು ವಾಪಸು ಬರುತ್ತದೆ. ಮುಂದಿನ ಎಣ್ಣೆಯನ್ನು ಮುರಿಯುವ ಶಾಖ ಕೊಡುವುದು ಅದೇ! ನೀನು ಹೋಗುವ ಊರಿನ ಕಡೆ ಭತ್ತದ ಹೊಟ್ಟು ಉರಿಸಿಯೇ ಕುಚ್ಚಲಕ್ಕಿಗೆ ಭತ್ತ ಬೇಯಿಸುವ ಮಿಲ್ಲುಗಳಿವೆ, ನೋಡು. ಹಾಗೆಯೇ ಇದು. 1942ರಲ್ಲಿ ಅಮೆರಿಕದ ಬ್ಯಾಟನ್ ರೂಜ್‌ನಲ್ಲಿ ಇಂಥ ಮೊದಲ ಘಟಕ ಓಡಿತು. ಇದನ್ನು ಯೋಚಿಸಿದವರ ಬುದ್ಧಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

ಇನ್ನೊಂದು ಕಡೆ ಮುರಿಯುವುದಲ್ಲ, ತಿದ್ದುವುದು. ಕಾಲಮ್ಮಿನ ಮೇಲಿಂದ ಬರುವ ಹಗುರ ಭಾಗವಾದ ನಾಫ್ತಾದ ಅಣುಗಳನ್ನು ಪ್ಲಾಟಿನಂ ಕ್ಯಾಟಲಿಸ್ಟಿನ ಮೇಲೆ ಹಾಯಿಸಿದರೆ ಉಂಗುರ ಕಟ್ಟಿಕೊಂಡು ಆಕ್ಟೇನ್, ಅಂದರೆ ಎಂಜಿನ್ನಿನಲ್ಲಿ ಬಡಿತವಿಲ್ಲದೆ ಉರಿಯುವ ಗುಣ, ಏರುತ್ತದೆ. ಕಟ್ಟುವಾಗ ಬಿಟ್ಟುಹೋಗುವ ಹೈಡ್ರೋಜನ್ ಕಸವಲ್ಲ. ಅದನ್ನು ಡೀಸೆಲ್ ಘಟಕಕ್ಕೆ ತಿರುಗಿಸಿ ಗಂಧಕ ತೆಗೆಯುತ್ತಾರೆ. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಡೀಸೆಲ್ಲಿನಲ್ಲಿ ಗಂಧಕ ಕಿಲೋಗೆ 10 ಮಿಲಿಗ್ರಾಂ ಮೀರುವಂತಿಲ್ಲ. ಅದಕ್ಕೆ ಮೊದಲು ಮಿತಿ 50 ಇತ್ತು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬಸ್ಸಿನ ಹಿಂದೆ ನಿಲ್ಲುವ ಮಕ್ಕಳ ಎದೆಗೆ ಸಂಬಂಧಪಟ್ಟ ಅಂಕಿ ಅದು. ಪರದೆಯ ಮೇಲೆ ಅದನ್ನು ನೋಡುವಾಗ ಅವರನ್ನೂ ನೆನೆಸಿಕೋ.

ತೆಗೆದ ಗಂಧಕ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವಾಗಿ ಹೊರಬೀಳುತ್ತದೆ. ಕೊಳೆತ ಮೊಟ್ಟೆಯ ನಾತ ಅಂತ ನೀನು ಓದಿದ್ದೀಯ. ಆದರೆ ಆ ಓದನ್ನು ನೆಚ್ಚಿಕೊಂಡು ಮೂಗನ್ನು ನಂಬಬೇಡ. ಗಾಳಿಯಲ್ಲಿ ದಶಲಕ್ಷಕ್ಕೆ 100 ಭಾಗ ದಾಟುವ ಹೊತ್ತಿಗೆ ಮೂಗೇ ಸೋತುಹೋಗುತ್ತದೆ. ವಾಸನೆ ನಿಂತಿತು, ಅನಿಲ ಹೋಯಿತು ಅಂದುಕೊಂಡವರು ಎದ್ದು ಬಂದಿಲ್ಲ. ಅಂಗಿಗೆ ಸಿಕ್ಕಿಸಿಕೊಳ್ಳುವ ಡಿಟೆಕ್ಟರ್ ಕೂಗಿದರೆ ಗಾಳಿ ಯಾವ ಕಡೆಯಿಂದ ಬರುತ್ತಿದೆ ನೋಡಿ ಅಡ್ಡಕ್ಕೆ ಓಡು. ಜೊತೆಯವನು ಬಿದ್ದಿದ್ದರೂ ಉಸಿರಾಟದ ಸೆಟ್ ಹಾಕಿಕೊಳ್ಳದೆ ಹತ್ತಿರ ಹೋಗಬೇಡ. ಇದನ್ನು ನಿಮ್ಮಮ್ಮನಿಗೆ ಹೇಳಬೇಡ, ಆದರೆ ನೀನು ಮಾತ್ರ ಮರೆಯಬೇಡ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಉತ್ತರ ಭಾರತದಲ್ಲಿದ್ದಾಗ, ದುರಸ್ತಿ ಮುಗಿದು ಘಟಕ ಶುರು ಮಾಡುವ ರಾತ್ರಿ. ವ್ಯಾಕ್ಯೂಮ್ ಕಾಲಮ್ಮಿನ, ಅಂದರೆ ಆಗ ಹೇಳಿದ ಒತ್ತಡ ತಗ್ಗಿಸಿದ ಕಾಲಮ್ಮಿನ, ಸ್ಟ್ಯಾಂಡ್‌ಬೈ ಪಂಪಿನೊಳಗೆ ಎರಡು ಬಕೆಟ್ಟಿನಷ್ಟು ನೀರು ಉಳಿದಿತ್ತು. ತಳದ ಡ್ರೈನ್ ತೆರೆದು ನೋಡದೆ ಚೆಕ್‌ಲಿಸ್ಟಿಗೆ ಸಹಿ ಹಾಕಿದವನು ನಾನು. ಒಂದು ಲೀಟರ್ ನೀರು ಸಾಮಾನ್ಯ ಒತ್ತಡದಲ್ಲೇ ಸುಮಾರು 1,700 ಲೀಟರ್ ಹಬೆಯಾಗುತ್ತದೆ. ವ್ಯಾಕ್ಯೂಮಿನಲ್ಲಿ ಅದರ ಎಷ್ಟೋ ಪಟ್ಟು. ಪಂಪು ಚಾಲೂ ಮಾಡಿದ ಗಳಿಗೆ ಕಾಲಮ್ಮಿನೊಳಗೆ ಗುಡುಗಿದ ಹಾಗಾಯಿತು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ತೆರೆದು ನೋಡಿದಾಗ ಉಕ್ಕಿನ ಟ್ರೇಗಳು ಒಣಗಿದ ಬಾಳೆಲೆಯ ಹಾಗೆ ಮುದುರಿದ್ದವು. ಮೂರು ವಾರ ಘಟಕ ನಿಂತಿತು. ಆ ನೀರನ್ನು ಬಿಟ್ಟವರು ದುರಸ್ತಿಯವರು, ಅದು ಹೋಗಿ ಹೊಡೆದದ್ದು ನಲವತ್ತು ಅಡಿ ಆಚೆ. ರಿಫೈನರಿಯಲ್ಲಿ ಒಬ್ಬರು ಬಿಟ್ಟದ್ದು ಇನ್ನೊಬ್ಬರ ಪಾತ್ರೆಗೆ ಬಂದೇ ಬರುತ್ತದೆ, ಅದು ಕೋಕ್ ಆಗಲಿ, ಹೈಡ್ರೋಜನ್ ಆಗಲಿ, ನೀರಾಗಲಿ.

ಅದಕ್ಕೇ ಒಂದು ಕೆಲಸ ಹೇಳುತ್ತೇನೆ. ಮೊದಲ ತಿಂಗಳು ಕಂಟ್ರೋಲ್ ರೂಮಿನ ಎ.ಸಿ.ಯಲ್ಲಿ ಕೂರಬೇಡ. ಹಳೇ ಆಪರೇಟರ್ ಒಬ್ಬರ ಹಿಂದೆ ಹೆಲ್ಮೆಟ್ ಹಾಕಿಕೊಂಡು ಕೊಳವೆಗಳ ಲೈನ್ ಹಿಡಿದು ನಡಿ. ಅವರನ್ನು ‘ಅಣ್ಣ’ ಅಂತಲೇ ಕರಿ, ಡಿಗ್ರಿಯ ಬಿಂಕ ತೋರಿಸಬೇಡ. ನಿನ್ನ ಘಟಕಕ್ಕೆ ಏನು ಎಲ್ಲಿಂದ ಬರುತ್ತದೆ, ಏನು ಎಲ್ಲಿಗೆ ಹೋಗುತ್ತದೆ, ತಗ್ಗಿನ ಡ್ರೈನ್ ಎಲ್ಲೆಲ್ಲಿದೆ, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಪೆನ್ಸಿಲ್ಲಿನಲ್ಲಿ ನೀನೇ ಬರೆ.

ಮಂಗಳೂರಿನಿಂದ ಹಾಸನದ ಮೇಲೆ ಹಾದು 360 ಕಿಲೋಮೀಟರಿಗೂ ಮೇಲೆ ಪೈಪ್‌ಲೈನ್ ಹೊಸಕೋಟೆ ಕಡೆಯ ದೇವನಗೊಂದಿಗೆ ಬರುತ್ತದೆ. ನಿನ್ನ ಶಿಫ್ಟಿನ ಪೆಟ್ರೋಲ್ ನನ್ನ ಸ್ಕೂಟರಿಗೂ ಬಂದೀತು. ದಸರೆಗೆ ಬರುವಾಗ ಆ ಪುಸ್ತಕ ತಾ. ಬೊಂಬೆ ಜೋಡಿಸಿದ ಮೇಲೆ ಜಗಲಿಯಲ್ಲಿ ಕೂತು ಒಂದೊಂದು ಹಾಳೆ ನೋಡೋಣ.

ಇಂತಿ ಆಶೀರ್ವಾದಗಳು,
ನಿನ್ನ ಮಾವ