ರಿಪೇರಿಯಾಗಿ ಬಂದ ಲ್ಯಾಪ್‌ಟಾಪ್‌ನಲ್ಲಿ ಯಾರೋ ಹಾಕಿದ ಬಯಾಸ್ ಪಾಸ್‌ವರ್ಡ್: ದೂರು

ಗ್ರಾಹಕ ಸೇವಾ ವಿಭಾಗದ ವ್ಯವಸ್ಥಾಪಕರಿಗೆ,

ಮಾನ್ಯರೇ,

ವಾರಂಟಿ ಇನ್ನೂ ಮುಗಿಯದ ನನ್ನ ಲ್ಯಾಪ್‌ಟಾಪ್‌ನ ಮದರ್‌ಬೋರ್ಡನ್ನು ನಿಮ್ಮ ಅಧಿಕೃತ ಸೇವಾ ಕೇಂದ್ರದವರು ಬದಲಾಯಿಸಿ ಕೊಟ್ಟಿದ್ದಾರೆ. ರಿಪೇರಿಗೆ ಕೊಡುವ ಮುನ್ನ, ಅವರು ಕೇಳಿಕೊಂಡಂತೆ, ಬಯಾಸ್‌ಗೆ (ವಿಂಡೋಸ್‌ಗಿಂತ ಮೊದಲು ಚಾಲೂ ಆಗುವ, ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ತಂತ್ರಾಂಶಕ್ಕೆ) ನಾನು ಹಾಕಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ತೆಗೆದಿದ್ದೆ. ಇದು ಅವರೇ ಕೊಟ್ಟ ರಸೀದಿಯಲ್ಲಿ ನಮೂದಾಗಿದೆ.

ಯಂತ್ರ ಮರಳಿ ಬಂದಾಗ ವಿಂಡೋಸ್ 48 ಅಂಕಿಗಳ ಬಿಟ್‌ಲಾಕರ್ (ಡಿಸ್ಕ್‌ನ ಮಾಹಿತಿಗೆ ಬೀಗ ಹಾಕುವ ವ್ಯವಸ್ಥೆ) ರಿಕವರಿ ಕೀ ಕೇಳಿತು. ಆ ಬೀಗದ ಕೀ ಕಾಪಾಡುವ ಟಿಪಿಎಂ ಚಿಪ್ ಹಳೆಯ ಬೋರ್ಡಿನ ಜೊತೆಗೇ ಹೋದ ಮೇಲೆ ಅದು ಸಹಜವೇ. ಯಾರೂ ಮುಂಚಿತವಾಗಿ ಎಚ್ಚರಿಸದಿದ್ದರೂ ಕೀ ನನ್ನ ಬಳಿ ಇದ್ದುದರಿಂದ ತೊಂದರೆಯಾಗಲಿಲ್ಲ. ನನ್ನ ದೂರು ಅದರ ಬಗ್ಗೆ ಅಲ್ಲ. ಎಫ್2 ಒತ್ತಿ ಬಯಾಸ್‌ಗೆ ಹೋದರೆ, ಸೆಟ್ಟಿಂಗ್ ಬದಲಾಯಿಸುವ ಅಧಿಕಾರ ಕೊಡುವ ಸೂಪರ್‌ವೈಸರ್ ಪಾಸ್‌ವರ್ಡ್ ಕೇಳುತ್ತದೆ. ಏನನ್ನೂ ಬರೆಯದೆ ಎಂಟರ್ ಒತ್ತಿದರೆ ಪುಟಗಳು ತೆರೆಯುತ್ತವೆ, ಆದರೆ ದಿನಾಂಕ, ಸಮಯ ಬಿಟ್ಟರೆ ಉಳಿದ ಸಾಲುಗಳೆಲ್ಲ ಮಸುಕು ಬೂದು ಬಣ್ಣದಲ್ಲಿದ್ದು, ಯಾವುದನ್ನೂ ಬದಲಾಯಿಸಲು ಬರುವುದಿಲ್ಲ. ನಂಬಲರ್ಹ ಸಹಿಯಿಲ್ಲದ ತಂತ್ರಾಂಶ ಚಾಲೂ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಆಫ್ ಆಗಿದೆ. ಯಂತ್ರ ಯಾವುದರಿಂದ ಮೊದಲು ಚಾಲೂ ಆಗಬೇಕೆಂದು ಹೇಳುವ ಬೂಟ್ ಆರ್ಡರ್‌ನಲ್ಲಿ ಯುಎಸ್‌ಬಿ ಮೊದಲ ಸ್ಥಾನದಲ್ಲಿದೆ. ಯಂತ್ರ ಆನ್ ಮಾಡಿದೊಡನೆ ಕೇಳುವ ಪವರ್-ಆನ್ ಪಾಸ್‌ವರ್ಡ್ ಹಾಕುವ ಅವಕಾಶವೂ ಇಲ್ಲ. ಅಂದರೆ, ಪೆನ್‌ಡ್ರೈವ್ ಹಿಡಿದು ಬಂದವರಾರು ಬೇಕಾದರೂ ಈ ಯಂತ್ರವನ್ನು ಚಾಲೂ ಮಾಡಬಹುದು, ಅದನ್ನು ತಡೆಯುವ ಅಧಿಕಾರ ಮಾತ್ರ ಮಾಲೀಕನಾದ ನನಗಿಲ್ಲ.

ಸಹಾಯವಾಣಿಯವರು ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿಯನ್ನು ಸ್ವಲ್ಪ ಹೊತ್ತು ತೆಗೆದಿಡಲು ಹೇಳಿದರು. ಪಾಸ್‌ವರ್ಡನ್ನು, ಆ ಬ್ಯಾಟರಿ ತೆಗೆದರೆ ಅಳಿಯುವ ಸಿಮಾಸ್ ಮೆಮೊರಿಯಲ್ಲಿ ಇಡುತ್ತಿದ್ದ ಹಳೆಯ ಡೆಸ್ಕ್‌ಟಾಪ್‌ಗಳಿಗೆ ಆ ಉಪಾಯ ನಡೆಯುತ್ತಿತ್ತು. ಈ ಮಾದರಿಯಲ್ಲಿ ಪಾಸ್‌ವರ್ಡ್ ವಿದ್ಯುತ್ ಇಲ್ಲದೆಯೂ ಅಳಿಯದ ಚಿಪ್‌ನಲ್ಲಿ ಉಳಿಯುತ್ತದೆಂದು ನಿಮ್ಮ ಕೈಪಿಡಿಯೇ ತಿಳಿಸುತ್ತದೆ. ಅಲ್ಲದೆ, ನಾನಾಗಿ ಯಂತ್ರವನ್ನು ಬಿಚ್ಚಿದರೆ ನಾಳೆ ವಾರಂಟಿಯ ತಕರಾರು ತೆಗೆಯುವವರೂ ನೀವೇ.

ಸೇವಾ ಕೇಂದ್ರದ ಉತ್ತರ ಇನ್ನೂ ವಿಚಿತ್ರವಾಗಿದೆ: ಮರೆತ ಪಾಸ್‌ವರ್ಡ್‌ಗೆ ವಾರಂಟಿ ಅನ್ವಯಿಸುವುದಿಲ್ಲ, ನನ್ನ ಖರ್ಚಿನಲ್ಲಿ ಮತ್ತೊಮ್ಮೆ ಬೋರ್ಡ್ ಬದಲಾಯಿಸಬೇಕು ಎನ್ನುತ್ತಾರೆ. ಮರೆಯಬೇಕಾದರೆ ಮೊದಲು ಗೊತ್ತಿರಬೇಕಲ್ಲವೇ? ಈ ಪಾಸ್‌ವರ್ಡನ್ನು ತಂತ್ರಜ್ಞರು ಪರೀಕ್ಷೆಯ ವೇಳೆ ಹಾಕಿ ತೆಗೆಯದೆ ಬಿಟ್ಟಿರಬೇಕು, ಇಲ್ಲವೇ ಬೇರೆಯವರ ಯಂತ್ರದಲ್ಲಿದ್ದ ಬೋರ್ಡನ್ನು ನನಗೆ ಜೋಡಿಸಿರಬೇಕು. ಎರಡನೆಯದೇ ನಿಜವಾಗಿದ್ದರೆ, ಹೊಸ ಬಿಡಿಭಾಗ ಅಳವಡಿಸಲಾಗಿದೆ ಎಂದು ಜಾಬ್ ಶೀಟ್‌ನಲ್ಲಿ ಬರೆದಿರುವುದಕ್ಕೂ ನೀವು ಉತ್ತರ ಕೊಡಬೇಕಾಗುತ್ತದೆ.

ಆದ್ದರಿಂದ, ಯಾವುದೇ ಶುಲ್ಕ ಪಡೆಯದೆ ಈ ಪಾಸ್‌ವರ್ಡನ್ನು ತೆಗೆಸಿಕೊಡಬೇಕು, ಅದು ಸಾಧ್ಯವಿಲ್ಲದಿದ್ದರೆ ನಿಮ್ಮ ಖರ್ಚಿನಲ್ಲೇ ಬೋರ್ಡ್ ಬದಲಾಯಿಸಬೇಕು; ಸೆಕ್ಯೂರ್ ಬೂಟ್ ಮತ್ತು ಬೂಟ್ ಆರ್ಡರನ್ನು ನನ್ನ ಎದುರಿನಲ್ಲಿಯೇ ಸರಿಪಡಿಸಬೇಕು; ಈಗಿರುವ ಬೋರ್ಡ್ ಎಲ್ಲಿಂದ ಬಂದದ್ದು ಎಂಬುದನ್ನು ಲಿಖಿತವಾಗಿ ತಿಳಿಸಬೇಕು ಎಂದು ಕೋರುತ್ತೇನೆ. ರಸೀದಿ, ಜಾಬ್ ಶೀಟ್, ಖರೀದಿ ಬಿಲ್ಲಿನ ಪ್ರತಿಗಳನ್ನೂ ಬಯಾಸ್ ಪರದೆಯ ಚಿತ್ರಗಳನ್ನೂ ಲಗತ್ತಿಸಿದ್ದೇನೆ. ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕರ ಆಯೋಗಕ್ಕೆ ಇವೇ ದಾಖಲೆಗಳನ್ನು ಸಲ್ಲಿಸುತ್ತೇನೆ.

ಇತಿ,
ತಮ್ಮ ಗ್ರಾಹಕ